ಪಿಸ್ತೂಲು ಕೈಕೊಟ್ಟಾಗ

ಟೋಕಿಯೋ ಮಹಾನಗರದ ಅಂಚಿನಲ್ಲಿ ಅಸಾಕ ಎಂಬುದೊಂದು ಊರು. 1964ರ ಒಲಿಂಪಿಕ್ ಕ್ರೀಡೆಗಳಲ್ಲಿ ರೈಫಲು, ಪಿಸ್ತೂಲುಗಳ ಸ್ಪರ್ಧೆಗಳು ನಡೆದದ್ದು ಅಲ್ಲಿಯೇ. ಐವತ್ತೇಳು ವರ್ಷಗಳ ತರುವಾಯ, 2021ರ ಜುಲೈ 25ರಂದು, ಅದೇ ಊರಿನ ರೇಂಜಿನಲ್ಲಿ ಹತ್ತೊಂಬತ್ತರ ಹರೆಯದ ಭಾರತೀಯ ತರುಣಿಯೊಬ್ಬಳು ಗಾಳಿಪಿಸ್ತೂಲನ್ನು ಹಿಡಿದು ನಿಂತಿದ್ದಳು. ಹರಿಯಾಣದ ಝಜ್ಜರ್ ಜಿಲ್ಲೆಯ ಈ ಹುಡುಗಿಯ ಹೆಸರು ಮನು ಭಾಕರ್. ಎದುರಿಗೆ ಹತ್ತು ಮೀಟರು ದೂರದಲ್ಲಿ ಗುರಿಫಲಕ. ಅದರ ನಟ್ಟನಡುವಿನ ಹತ್ತು ಅಂಕಗಳ ವೃತ್ತದ ಅಡ್ಡಳತೆ ಕೇವಲ ಹನ್ನೊಂದೂವರೆ ಮಿಲಿಮೀಟರು, ಎಂದರೆ ಅಂಗಿಯ ಗುಂಡಿಯಷ್ಟು. ಎಪ್ಪತ್ತೈದು ನಿಮಿಷಗಳಲ್ಲಿ ಅರವತ್ತು ಗುಂಡುಗಳನ್ನು ಹಾರಿಸಬೇಕು. ಮೊದಲ ಹತ್ತರಲ್ಲಿ ಆಕೆ ನೂರಕ್ಕೆ 98 ಅಂಕಗಳನ್ನು ಗಳಿಸಿದ್ದಳು. ಹದಿನಾರು ಹೊಡೆತಗಳು ಮುಗಿದವು. ಅಷ್ಟರಲ್ಲಿ ಪಿಸ್ತೂಲು ಕೆಟ್ಟಿತು.

ಕೆಟ್ಟದ್ದು ದೊಡ್ಡ ಭಾಗವೇನಲ್ಲ. ಗಾಳಿಪಿಸ್ತೂಲನ್ನು ತೆರೆದು ಮುಂದಿನ ಹೊಡೆತಕ್ಕೆ ಅಣಿಗೊಳಿಸುವ ಪುಟ್ಟ ಸನ್ನೆಯೊಂದು ಮುರಿದಿತ್ತು. ಅದಿಲ್ಲದೆ ಒಳಗೆ ಗುಂಡನ್ನು ಇಡುವಂತಿಲ್ಲ, ಟ್ರಿಗರು ಒತ್ತುವಂತಿಲ್ಲ. ಸ್ಪರ್ಧಿ ಕೈಯೆತ್ತಿ ಅಧಿಕಾರಿಗಳನ್ನು ಕರೆಯಬೇಕು, ಅವರ ಕಣ್ಣೆದುರಿಗೇ ಪಿಸ್ತೂಲು ಹೊರಗೆ ಹೋಗಬೇಕು, ಅಲ್ಲಿ ದುರಸ್ತಿಯಾಗಿ ಮರಳಿ ಬರಬೇಕು. ಇದೆಲ್ಲ ನಡೆಯುತ್ತಿರುವಾಗ ಗಡಿಯಾರ ಮಾತ್ರ ಯಾರಿಗಾಗಿಯೂ ನಿಲ್ಲಲಿಲ್ಲ. ಕಾಲು ಗಂಟೆಗೂ ಮಿಕ್ಕಿದ ಹೊತ್ತು ಕಳೆದುಹೋಯಿತು. ಆಕೆ ತನ್ನ ಸ್ಥಳಕ್ಕೆ ಹಿಂದಿರುಗಿದಾಗ ನಲವತ್ತನಾಲ್ಕು ಗುಂಡುಗಳು ಬಾಕಿಯಿದ್ದವು. ನಲವತ್ತು ನಿಮಿಷವೂ ಉಳಿದಿರಲಿಲ್ಲ. ಉಸಿರು ಬಿಗಿಹಿಡಿದು ನಿಧಾನವಾಗಿ ಆಡಬೇಕಾದ ಆಟವನ್ನು ಆಕೆ ಓಟದಂತೆ ಆಡಿ ಮುಗಿಸಬೇಕಾಯಿತು. ಕೊನೆಗೆ ದೊರೆತ ಅಂಕಗಳು 575, ಸ್ಥಾನ ಹನ್ನೆರಡನೆಯದು. ಅಂತಿಮ ಸುತ್ತಿಗೆ ಎಂಟನೆಯವಳಾಗಿ ಆಯ್ಕೆಯಾದವಳ ಅಂಕಗಳು 577. ನಾಲ್ಕು ವರ್ಷಗಳ ಕನಸಿಗೂ ಒಂದು ಲೋಹದ ಚೂರಿಗೂ ನಡುವೆ ಉಳಿದ ಅಂತರ ಎರಡೇ ಎರಡು ಅಂಕ.

ಮರುದಿನದ ಪತ್ರಿಕೆಗಳಲ್ಲಿ ಆಕೆಯ ದುರದೃಷ್ಟದ ಕುರಿತು ಹೇರಳವಾಗಿ ಬರೆದರು. ಬರೆಯಬೇಕಾದದ್ದೇ. ಆದರೆ ಅಂದು ಆ ರೇಂಜಿನಲ್ಲಿ ನಡೆಯದೆಹೋದ ಸಂಗತಿಯ ಕಡೆಗೆ ಯಾರೂ ಗಮನ ಕೊಟ್ಟಂತೆ ತೋರಲಿಲ್ಲ. ಕೈಯಲ್ಲಿದ್ದ ಆಯುಧ ಹಠಾತ್ತನೆ ಕೈಕೊಟ್ಟಾಗ, ಎಡಬಲಗಳಲ್ಲಿ ಇತರರು ಸಾಲಾಗಿ ನಿಂತಿರುವಾಗ, ಯಾರೊಬ್ಬರಿಗೂ ಕೂದಲೂ ಕೊಂಕಲಿಲ್ಲ. ಇದು ದೈವಕೃಪೆಯಿಂದ ಆದುದಲ್ಲ. ನೂರಾರು ಅಪಘಾತಗಳಿಂದ ಕಲಿತು ರೂಪಿಸಿದ ಕಟ್ಟುಪಾಡಿನ ಫಲ. ಆ ಕಟ್ಟುಪಾಡನ್ನು ಅರಿಯಬೇಕಾದರೆ ಪಿಸ್ತೂಲು ಕೆಲಸಮಾಡುವ ಬಗೆಯನ್ನೂ, ಅದು ಮುನಿಸಿಕೊಳ್ಳುವ ಬಗೆಯನ್ನೂ ಮೊದಲು ತಿಳಿಯಬೇಕು.

ಗಾಳಿಪಿಸ್ತೂಲಿನದು ಸರಳ ಸಂಸಾರ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯ ಒಂದು ಗುಟುಕು ಅರ್ಧ ಗ್ರಾಮಿನಷ್ಟು ತೂಕದ ಸೀಸದ ಗುಂಡನ್ನು ತಳ್ಳುತ್ತದೆ, ಅಷ್ಟೆ. ಆದರೂ ಆ ಸಿಲಿಂಡರಿಗೆ ಆಯುಸ್ಸುಂಟು. ಹತ್ತು ವರ್ಷ ಮೀರಿದ ಸಿಲಿಂಡರನ್ನು ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಳಗೆ ಬಿಡುವುದಿಲ್ಲ. ಸಿಡಿಮದ್ದಿನ ಪಿಸ್ತೂಲಿನದು ಹೆಚ್ಚು ತೊಡಕಿನ ಸಂಸಾರ. ಇಪ್ಪತ್ತೈದು ಮೀಟರಿನ ಸ್ಪರ್ಧೆಯಲ್ಲಿ ಬಳಸುವ ಪಾಯಿಂಟ್ ಇಪ್ಪತ್ತೆರಡರ ತೋಟಾವನ್ನೇ ನೋಡಬಹುದು. ಕಿರುಬೆರಳಿಗಿಂತಲೂ ಸಣ್ಣದಾದ ಹಿತ್ತಾಳೆಯ ಕೊಳವೆ. ಮೂತಿಯಲ್ಲಿ ಎರಡೂವರೆ ಗ್ರಾಮಿಗೆ ತುಸು ಮಿಕ್ಕ ಸೀಸದ ಗುಂಡು. ಒಡಲಲ್ಲಿ ಹೊಗೆಯಿಲ್ಲದ ಮದ್ದು. ಬುಡದ ಅಂಚಿನ ಮಡಿಕೆಯೊಳಗೆ, ಏಟು ತಗುಲಿದರೆ ಕಿಡಿಯಾಗುವ ರಾಸಾಯನಿಕ. ಟ್ರಿಗರು ಒತ್ತಿದೊಡನೆ ಉಕ್ಕಿನ ಮೊಳೆಯೊಂದು ಆ ಅಂಚನ್ನು ಕುಟ್ಟುತ್ತದೆ. ಕಿಡಿ ಹಾರಿ ಮದ್ದು ಉರಿಯುತ್ತದೆ. ಅನಿಲ ಹಿಗ್ಗಿ ಗುಂಡನ್ನು ಮುಂದಕ್ಕೆ ನೂಕುತ್ತದೆ. ಅದೇ ಒತ್ತಡ ಖಾಲಿ ಕೊಳವೆಯನ್ನು ಹಿಂದಕ್ಕೆ ಒದೆದು, ಬೆನ್ನಿಗಿರುವ ಲೋಹದ ತುಂಡನ್ನು ಸರಿಸುತ್ತದೆ. ಒಂದು ಕೊಕ್ಕೆ ಕೊಳವೆಯನ್ನು ಹೊರಗೆಳೆಯುತ್ತದೆ, ಇನ್ನೊಂದು ಮೂಲೆ ಅದನ್ನು ಬದಿಗೆ ಚಿಮ್ಮಿಸುತ್ತದೆ, ಸ್ಪ್ರಿಂಗು ಲೋಹದ ತುಂಡನ್ನು ಮರಳಿ ತಳ್ಳುತ್ತಾ ಹೊಸ ತೋಟಾವನ್ನು ನಳಿಗೆಯ ಬುಡಕ್ಕೆ ಸೇರಿಸುತ್ತದೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಇಷ್ಟೂ ಆಗಿಹೋಗುತ್ತದೆ.

ಇಷ್ಟು ಹಂತಗಳಲ್ಲಿ ಯಾವುದೊಂದು ತಪ್ಪಿದರೂ ಪಿಸ್ತೂಲು ನಿಂತುಬಿಡುತ್ತದೆ. ಖಾಲಿ ಕೊಳವೆ ಪೂರ್ತಿಯಾಗಿ ಹೊರಬೀಳದೆ, ಮನೆಯ ಹೊಗೆಗೊಳವೆಯಂತೆ ನೆಟ್ಟಗೆ ಸಿಕ್ಕಿಕೊಳ್ಳುವುದುಂಟು. ಎರಡು ತೋಟಾಗಳು ಒಂದೇ ಬಾಗಿಲಲ್ಲಿ ನುಗ್ಗಿ ತೊಡರಿಕೊಳ್ಳುವುದುಂಟು. ಮ್ಯಾಗಜಿನ್ನಿನ ತುಟಿ ಕೊಂಚ ಸೊಟ್ಟಗಾಗಿದ್ದರೂ ಸಾಕು, ಮೇಣ ಹಾಗೂ ಸೀಸದ ಕೊಳೆ ಕಟ್ಟಿಕೊಂಡಿದ್ದರೂ ಸಾಕು. ಎಣ್ಣೆ ಕಡಮೆಯಾದರೂ ತೊಂದರೆ, ಹೆಚ್ಚಾದರೆ ಅದಕ್ಕೆ ಧೂಳು ಮೆತ್ತಿ ಮತ್ತಷ್ಟು ತೊಂದರೆ. ಹೊಸಬರ ಕೈಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಮಣಿಕಟ್ಟು ಸಡಿಲವಾಗಿದ್ದರೆ ಅನಿಲದ ಒದೆತದ ಒಂದು ಪಾಲನ್ನು ಕೈಯೇ ನುಂಗಿಬಿಡುತ್ತದೆ, ಹಿಂದೆ ಸರಿಯಬೇಕಾದ ಭಾಗ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಇವೆಲ್ಲ ತಾಳ್ಮೆಗೆಡಿಸುವ ತೊಡಕುಗಳೇ ಹೊರತು, ನಳಿಗೆ ಮುಂದಕ್ಕೆ ಇರುವವರೆಗೆ ಪ್ರಾಣಾಪಾಯದವಲ್ಲ.

ಅಪಾಯ ಅಡಗಿರುವುದು ಮೌನದಲ್ಲಿ. ಟ್ರಿಗರು ಒತ್ತಿದಾಗ 'ಟಕ್' ಎಂಬ ಸದ್ದು ಮಾತ್ರ ಕೇಳಿ ಗುಂಡು ಹಾರದೆ ಇದ್ದರೆ, ಆ ತೋಟಾ ಸತ್ತಿದೆಯೋ ನಿದ್ರಿಸುತ್ತಿದೆಯೋ ಹೊರಗಿನವರು ಹೇಳಬಲ್ಲರೇ? ಬಹುಮಟ್ಟಿಗೆ ಅದು ಸತ್ತಿರುತ್ತದೆ. ಪಾಯಿಂಟ್ ಇಪ್ಪತ್ತೆರಡರ ತೋಟಾದಲ್ಲಂತೂ ಇದು ಅಪರೂಪವಲ್ಲ. ಕಿಡಿಯ ರಾಸಾಯನಿಕ ಅಂಚಿನ ಸುತ್ತ ಎಲ್ಲೆಡೆಯೂ ಸಮನಾಗಿ ಹರಡದಿದ್ದು, ಮೊಳೆಯ ಏಟು ಬರಿದಾದ ಜಾಗಕ್ಕೇ ಬಿದ್ದರೆ ಕಿಡಿ ಹುಟ್ಟುವುದಿಲ್ಲ. ಆದರೆ ತೇವ ತಗುಲಿದ ಇಲ್ಲವೇ ಹಳತಾದ ತೋಟಾದಲ್ಲಿ ಕಿಡಿ ನಿಧಾನವಾಗಿ ಮದ್ದಿಗೆ ತಾಗಿ, ತಡವಾಗಿ ಸಿಡಿಯುವ ಸಂಭವವೂ ಇದೆ. ಈ ವಿಳಂಬ ಸಾಮಾನ್ಯವಾಗಿ ಕ್ಷಣದ ಒಂದಂಶ ಮಾತ್ರ. ಆದರೂ ಆ ಕ್ಷಣದಲ್ಲಿಯೇ 'ಇದೇನಾಯಿತು' ಎಂದು ಪಿಸ್ತೂಲನ್ನು ತನ್ನ ಮುಖದತ್ತ ತಿರುಗಿಸಿಕೊಂಡು ನೋಡುವವನಿಗೆ ಅಷ್ಟೇ ಸಾಕು. ತೋಟಾ ನಳಿಗೆಯ ಬುಡದಲ್ಲಿರುವಾಗ ಸುತ್ತಲಿನ ಉಕ್ಕು ಅದನ್ನು ತಬ್ಬಿ ಹಿಡಿದಿರುತ್ತದೆ. ಹೊರಗೆಳೆದು ಅಂಗೈಯಲ್ಲಿಟ್ಟುಕೊಂಡಾಗ ಸಿಡಿದರೆ ಹಿತ್ತಾಳೆಯ ಕೊಳವೆಯೇ ಹರಿದು ಚೂರುಗಳಾಗಿ ಹಾರುತ್ತದೆ. ಈ ಕಾರಣದಿಂದಲೇ ಗುಂಡು ಹಾರದಿದ್ದಾಗ ನಳಿಗೆಯನ್ನು ಗುರಿಯತ್ತಲೇ ಇರಿಸಿ, ಕನಿಷ್ಠ ಅರ್ಧ ನಿಮಿಷ ಸುಮ್ಮನೆ ನಿಲ್ಲಬೇಕೆಂದು ರೇಂಜುಗಳಲ್ಲಿ ಕಲಿಸುತ್ತಾರೆ. ಅರ್ಧ ನಿಮಿಷ! ಹೇಳುವುದು ಸುಲಭ. ಕೆಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು, ಏನೂ ಮಾಡದೆ ಮೂವತ್ತು ಎಣಿಸುವುದು ಮನುಷ್ಯಸ್ವಭಾವಕ್ಕೆ ಎಷ್ಟು ವಿರೋಧವೆಂಬುದು ಎಣಿಸಿದವರಿಗೇ ಗೊತ್ತು.

ಇದಕ್ಕಿಂತಲೂ ಮೋಸದ ತೊಡಕು ಇನ್ನೊಂದು. ತೋಟಾದಲ್ಲಿ ಕಿಡಿಯ ರಾಸಾಯನಿಕ ಇರುತ್ತದೆ, ಮದ್ದು ಮಾತ್ರ ಇರುವುದಿಲ್ಲ. ಅಥವಾ ಸಾಲದಷ್ಟು ಇರುತ್ತದೆ. ಕೈಯಿಂದ ಮದ್ದು ತುಂಬಿಸಿ ತೋಟಾಗಳನ್ನು ಮರುಬಳಕೆ ಮಾಡುವೆಡೆಗಳಲ್ಲಿ ಇದು ಹೆಚ್ಚು. ಆಗ ಟ್ರಿಗರು ಒತ್ತಿದರೆ ಸಿಡಿಲಿನಂತಹ ಸದ್ದಿನ ಬದಲು 'ಟುಸ್' ಎಂಬ ದನಿ, ಕೈಗೆ ಒದೆತವೇ ಇಲ್ಲ, ಗುರಿಫಲಕದಲ್ಲಿ ಹೊಸ ತೂತೂ ಇಲ್ಲ. ಗುಂಡು ಹೊರಡಲು ಹೊರಟು, ನಳಿಗೆಯ ಮಧ್ಯದಲ್ಲಿ ಬೆಣೆಯಂತೆ ಸಿಕ್ಕಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಪಿಸ್ತೂಲಿಗೆ ಏನೂ ಆಗಿರುವುದಿಲ್ಲ. ಅವಸರದ ಆಸಾಮಿ ಮೇಲಿನ ಭಾಗವನ್ನು ಹಿಂದಕ್ಕೆಳೆದು ಬಿಟ್ಟರೆ ಹೊಸ ತೋಟಾ ಸಲೀಸಾಗಿ ಒಳಗೆ ಕೂರುತ್ತದೆ. ಮತ್ತೆ ಟ್ರಿಗರು. ಈ ಬಾರಿ ಮದ್ದು ಪೂರ್ತಿ ಇದೆ, ಆದರೆ ಅನಿಲಕ್ಕೆ ಹಾದಿಯಿಲ್ಲ. ಅದೃಷ್ಟವಿದ್ದರೆ ನಳಿಗೆ ಬಳೆಯಂತೆ ಉಬ್ಬಿ ನಿಲ್ಲುತ್ತದೆ. ಇಲ್ಲದಿದ್ದರೆ ಸೀಳಿ ಸಿಡಿಯುತ್ತದೆ, ಹಿಡಿದ ಬೆರಳುಗಳ ಜೊತೆಗೆ. ದೊಡ್ಡ ಸದ್ದಿಗೆ ಬೆಚ್ಚುವುದು ಲೋಕರೂಢಿ. ರೇಂಜಿನಲ್ಲಿ ಬೆಚ್ಚಬೇಕಾದದ್ದು ಸಣ್ಣ ಸದ್ದಿಗೆ.

ಇಲ್ಲೊಂದು ವಿಚಿತ್ರವಾದ ವಿರೋಧವಿದೆ. ಸೈನಿಕನಿಗೂ ಪೋಲೀಸಿನವನಿಗೂ ಕಲಿಸುವುದು ಇದಕ್ಕೆ ತದ್ವಿರುದ್ಧವಾದ ಪಾಠ. ಪಿಸ್ತೂಲು ನಿಂತಿತೇ? ಮ್ಯಾಗಜಿನ್ನಿನ ಬುಡವನ್ನು ತಟ್ಟು, ಮೇಲಿನ ಭಾಗವನ್ನು ಎಳೆದು ಬಿಡು, ಮತ್ತೆ ಹೊಡೆ. ಎದುರಿಗಿರುವ ಶತ್ರು ಮೂವತ್ತು ಎಣಿಸುವವರೆಗೆ ಕಾಯುವುದಿಲ್ಲವಲ್ಲ! ರಣರಂಗದಲ್ಲಿ ಪ್ರಾಣ ಉಳಿಸುವ ಆ ಚುರುಕುತನವೇ ರೇಂಜಿನಲ್ಲಿ ಪ್ರಾಣಕ್ಕೆ ಎರವಾಗಬಹುದು. ಒಂದೇ ಯಂತ್ರ, ಒಂದೇ ತೊಡಕು. ಆದರೆ ಎದುರಿಗಿರುವುದು ಕಾಗದದ ಗುರಿಯೋ ಮನುಷ್ಯನೋ ಎಂಬುದರ ಮೇಲೆ ವಿವೇಕದ ಅರ್ಥವೇ ಬದಲಾಗುತ್ತದೆ.

ಸ್ಪರ್ಧೆಯ ನಿಯಮಗಳನ್ನು ಬರೆದವರು ಈ ಅವಸರದ ಕೈಯನ್ನು ಕಟ್ಟಿಹಾಕಲು ಒಂದು ಜಾಣ ಉಪಾಯವನ್ನು ಹೂಡಿದ್ದಾರೆ. ಸಿಡಿಮದ್ದಿನ ಪಿಸ್ತೂಲುಗಳ ಸ್ಪರ್ಧೆಯಲ್ಲಿ ಆಯುಧ ಕೆಟ್ಟರೆ ಸ್ಪರ್ಧಿ ಮಾಡಬೇಕಾದದ್ದು ಎರಡೇ ಕೆಲಸ. ಪಿಸ್ತೂಲಿನ ಹಿಡಿಯನ್ನು ಬಿಡದೆ ನಳಿಗೆಯನ್ನು ಮುಂದಕ್ಕೇ ಇರಿಸಿಕೊಳ್ಳುವುದು. ಖಾಲಿಯಿರುವ ಕೈಯನ್ನು ಮೇಲೆತ್ತುವುದು. ಅಧಿಕಾರಿ ಬಂದು ಪಿಸ್ತೂಲನ್ನು ಪಡೆದು, ಗುರಿಯತ್ತ ಹಿಡಿದು, ಒಂದೇ ಒಂದು ಬಾರಿ ಟ್ರಿಗರನ್ನು ಒತ್ತಿ ಪರೀಕ್ಷಿಸುತ್ತಾನೆ. ತಪ್ಪು ಯಂತ್ರದ್ದೋ ತೋಟಾದ್ದೋ ಎಂದು ಖಚಿತವಾದರೆ ಸ್ಪರ್ಧಿಗೆ ನ್ಯಾಯ ದೊರೆಯುತ್ತದೆ. ತ್ವರಿತ ಹೊಡೆತದ ಸ್ಪರ್ಧೆಯಲ್ಲಿ ಆ ಸರಣಿಯನ್ನೇ ರದ್ದುಪಡಿಸಿ ಮತ್ತೊಮ್ಮೆ ಅವಕಾಶ ಕೊಡುತ್ತಾರೆ. ಆದರೆ ಅಧಿಕಾರಿ ಬರುವ ಮೊದಲೇ ಸ್ಪರ್ಧಿ ಯಂತ್ರದ ಭಾಗಗಳನ್ನು ಮುಟ್ಟಿ ಸರಿಪಡಿಸಲು ಹೋದನೋ, ತಪ್ಪು ಯಾರದೇ ಇರಲಿ, ಅದು ಅವನದೇ ಎಂದು ತೀರ್ಮಾನವಾಗುತ್ತದೆ. ಹಾರದ ಗುಂಡುಗಳಿಗೆ ಸೊನ್ನೆ ಬೀಳುತ್ತದೆ. ತೋಟಾ ತುಂಬುವುದನ್ನೇ ಮರೆತವನಿಗೂ, ಸುರಕ್ಷಾ ಕೀಲನ್ನು ಸಡಿಲಿಸಲು ಮರೆತವನಿಗೂ ಇದೇ ಗತಿ. ಬುದ್ಧಿವಾದಕ್ಕೆ ಬಗ್ಗದ ಕೈ ಅಂಕಗಳ ಭಯಕ್ಕಾದರೂ ಸುಮ್ಮನಿರಲೆಂಬುದು ಇದರ ಒಳಗುಟ್ಟು. ಮನುಷ್ಯರನ್ನು ಚೆನ್ನಾಗಿ ಬಲ್ಲವರು ಬರೆದ ನಿಯಮವಿದು.

ಉಳಿದ ಕಟ್ಟುಪಾಡುಗಳೂ ಇಷ್ಟೇ ಒರಟಾದವು. ಗುಂಡು ಹಾರಿಸುವ ಗೆರೆಗಿಂತ ಮುಂದೆ ಒಬ್ಬ ಮನುಷ್ಯನಿದ್ದರೂ ಯಾರೂ ಆಯುಧವನ್ನು ಮುಟ್ಟಕೂಡದು. 'ಲೋಡ್' ಎಂಬ ಆಜ್ಞೆಯಾಗದೆ ಗುಂಡು ತುಂಬಕೂಡದು. 'ಸ್ಟಾಪ್' ಎಂಬ ಕೂಗು ಕೇಳಿದೊಡನೆ, ಟ್ರಿಗರಿನ ಮೇಲೆ ಬೆರಳು ಅರ್ಧ ಒತ್ತಿದ್ದರೂ ನಿಲ್ಲಿಸಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಸ್ಪರ್ಧೆಯ ಟ್ರಿಗರುಗಳು ಬಹಳ ಮೃದು. ಗಾಳಿಪಿಸ್ತೂಲಿನಲ್ಲಿ ಅರ್ಧ ಕಿಲೋಗ್ರಾಮಿನ ಭಾರವನ್ನು, ಇಪ್ಪತ್ತೈದು ಮೀಟರಿನ ಪಿಸ್ತೂಲಿನಲ್ಲಿ ಒಂದು ಕಿಲೋಗ್ರಾಮಿನ ಭಾರವನ್ನು ತಡೆದರೆ ಸಾಕೆಂಬುದು ನಿಯಮ. ಯೋಚನೆಗಿಂತ ಮೊದಲೇ ಬೆರಳು ಒತ್ತಿಬಿಡುವಷ್ಟು ಹಗುರ. ಹಾರಿದ ಗುಂಡಾದರೋ ಇಪ್ಪತ್ತೈದು ಮೀಟರಿಗೆ ನಿಲ್ಲುವಂಥದಲ್ಲ. ಆ ಪುಟ್ಟ ಪಾಯಿಂಟ್ ಇಪ್ಪತ್ತೆರಡರ ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಮೈಲಿಯವರೆಗೂ ಅಪಾಯಕಾರಿಯೆಂದು ತೋಟಾದ ಪೆಟ್ಟಿಗೆಗಳ ಮೇಲೆಯೇ ಎಚ್ಚರಿಕೆ ಅಚ್ಚಾಗಿರುತ್ತದೆ. ಕಿವಿಗೆ ರಕ್ಷೆಯಿಲ್ಲದೆ ನಿಲ್ಲುವಂತಿಲ್ಲ, ಸಿಡಿದ ಕೊಳವೆಯ ಅನಿಲ ಕಣ್ಣಿಗೆ ಹಾರದಂತೆ ಕನ್ನಡಕ ಧರಿಸಬೇಕು. ಇನ್ನೊಂದು ಮಾತನ್ನು ಹೊಸಬರು ನಗುತ್ತಲೇ ಕೇಳಿ ಮರೆಯುವುದುಂಟು: ರೇಂಜಿನಲ್ಲಿ ತಿಂಡಿ ತಿನ್ನಬಾರದು, ಮನೆಗೆ ಹೋಗುವ ಮುನ್ನ ಕೈ ತೊಳೆಯಬೇಕು. ಗುಂಡಿನಲ್ಲೂ ಸೀಸವಿದೆ, ಕಿಡಿಯ ರಾಸಾಯನಿಕದಲ್ಲೂ ಸಾಮಾನ್ಯವಾಗಿ ಸೀಸವಿದೆ. ಅದು ಬೆರಳಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಸೇರುವುದು ಸದ್ದಿಲ್ಲದೆ.

ಬಳಸದಿರುವಾಗ ಪ್ರತಿಯೊಂದು ಪಿಸ್ತೂಲಿನ ನಳಿಗೆಯೊಳಗೂ ಕಿತ್ತಳೆಯಂತಹ ಕಣ್ಣುಕುಕ್ಕುವ ಬಣ್ಣದ ದಾರವೊಂದು ತೂರಿ ಹೊರಗೆ ಕಾಣುತ್ತಿರಬೇಕೆಂಬುದು ಇಂದಿನ ನಿಯಮ. ಒಳಗೆ ತೋಟಾ ಇಲ್ಲವೆಂಬುದಕ್ಕೆ ಅದೇ ಸಾಕ್ಷಿ. ಇದನ್ನು ಕಂಡಾಗ ಕೊಡಗಿನ ಕೈಲ್‌ಪೊಳ್ದ್ ಹಬ್ಬದ ನೆನಪಾಗದಿರದು. ಸೆಪ್ಟೆಂಬರಿನಲ್ಲಿ ಬರುವ ಆ ಹಬ್ಬದಂದು ಮನೆಯ ಕೋವಿಗಳನ್ನೆಲ್ಲ ಶುಚಿಗೊಳಿಸಿ, ದೀಪದ ಮುಂದಿರಿಸಿ, ತೋಕ್ ಪೂ ಎಂಬ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುವುದು ಆ ಬಳಿಕವೇ. ಒಂದು ಭಕ್ತಿ, ಇನ್ನೊಂದು ಕಾನೂನು. ಹೂ ಮುಡಿದ ಕೋವಿಯೂ, ದಾರ ತೊಟ್ಟ ಪಿಸ್ತೂಲೂ ನೋಡುವವರ ಕಣ್ಣಿಗೆ ಹೇಳುವುದು ಹೆಚ್ಚು ಕಡಮೆ ಒಂದನ್ನೇ: ಇದು ಈಗ ವಿಶ್ರಾಂತಿಯಲ್ಲಿದೆ.

ಸಿಡಿಮದ್ದು ಕೈಕೊಟ್ಟರೆ ಏನಾದೀತೆಂಬುದನ್ನು ಹಂಗೆರಿಯ ಕರೋಯ್ ತಕಾಚ್‌ನಷ್ಟು ಚೆನ್ನಾಗಿ ಬಲ್ಲ ಗುರಿಕಾರರು ವಿರಳ. 1910ರಲ್ಲಿ ಹುಟ್ಟಿದ ಈತ ಸೈನ್ಯದಲ್ಲಿ ಸಾರ್ಜೆಂಟ್. ದೇಶದ ಅಗ್ರಗಣ್ಯ ಪಿಸ್ತೂಲುಗಾರ. 1936ರ ಒಲಿಂಪಿಕ್ಸಿಗೆ ಹೋಗಬೇಕಾದವನು, ಅಧಿಕಾರಿ ದರ್ಜೆಯವನಲ್ಲವೆಂಬ ಒಂದೇ ನೆಪದಿಂದ ಹೊರಗುಳಿದ. ಮುಂದೆ 1938ರಲ್ಲಿ ಸೈನಿಕ ತರಬೇತಿಯ ವೇಳೆ ದೋಷವಿದ್ದ ಕೈಬಾಂಬೊಂದು ಆತನ ಬಲಗೈಯಲ್ಲಿಯೇ ಸಿಡಿಯಿತು. ಗುರಿ ಹಿಡಿಯುತ್ತಿದ್ದ ಕೈ ಛಿದ್ರವಾಯಿತು. ಅಲ್ಲಿ ಮೂವತ್ತು ಎಣಿಸಲು ಹೊತ್ತಿರಲಿಲ್ಲ. ಎತ್ತಬೇಕಾದ ಕೈಯೇ ಉಳಿಯಲಿಲ್ಲ.

ಆಸ್ಪತ್ರೆಯಿಂದ ಹೊರಬಿದ್ದ ತಕಾಚ್ ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸಕ್ಕೆ ತೊಡಗಿದ. ಬಲಗೈಯಲ್ಲಿ ಪಿಸ್ತೂಲು ಹಿಡಿದವನಿಗೆ ಎಡಗೈ ಎಂದರೆ ಹೊಸ ಜನ್ಮವೇ ಸರಿ: ಕಣ್ಣು, ಉಸಿರು, ನಿಲುವು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. 1939ರ ರಾಷ್ಟ್ರೀಯ ಸ್ಪರ್ಧೆಗೆ ಆತ ಬಂದಾಗ, ಪಾಪ, ನೋಡಲು ಬಂದಿರಬೇಕೆಂದು ಜೊತೆಗಾರರು ಭಾವಿಸಿದರು. ಆತ ಗೆದ್ದುಕೊಂಡು ಹೋದ. ಅಷ್ಟರಲ್ಲಿ ಮಹಾಯುದ್ಧ ಬಂದು 1940ರ ಮತ್ತು 1944ರ ಒಲಿಂಪಿಕ್ಸುಗಳನ್ನು ನುಂಗಿತು. 1948ರಲ್ಲಿ ಲಂಡನ್ನಿಗೆ ಹೋದಾಗ ಆತನಿಗೆ ಮೂವತ್ತೆಂಟು ವರ್ಷ. ಐದು ಗುರಿಗಳಿಗೆ ಐದು ಗುಂಡುಗಳನ್ನು ಕೆಲವೇ ಸೆಕೆಂಡುಗಳಲ್ಲಿ ಹಾರಿಸಬೇಕಾದ ತ್ವರಿತ ಹೊಡೆತದ ಸ್ಪರ್ಧೆಯಲ್ಲಿ, ಆರುನೂರಕ್ಕೆ 580 ಅಂಕಗಳೊಡನೆ ವಿಶ್ವದಾಖಲೆ ಸ್ಥಾಪಿಸಿ ಚಿನ್ನ ಗೆದ್ದ. ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯಲ್ಲಿ ಮತ್ತೊಮ್ಮೆ ಗೆದ್ದ. ಆತನ ಕಥೆಯನ್ನು ಛಲದ ಕಥೆಯೆಂದು ಜಗತ್ತು ಹಾಡಿ ಹೊಗಳಿದೆ, ನ್ಯಾಯವೇ. ಆದರೆ ಆ ಬಾಂಬಿನ ದೋಷ ಕೈಗೆ ಬರುವ ಮೊದಲೇ ಯಾರದಾದರೂ ಕಣ್ಣಿಗೆ ಬಿದ್ದಿದ್ದರೆ, ಇಷ್ಟೊಂದು ಛಲ ತೋರಬೇಕಾದ ಪ್ರಸಂಗವೇ ಆತನಿಗೆ ಒದಗುತ್ತಿರಲಿಲ್ಲ.

ಮನು ಭಾಕರಳ ಮಾತು ಬೇರೆ. ಆಕೆಯ ಕೈಗೆ ಏನೂ ಆಗಲಿಲ್ಲ. ಮುರಿದದ್ದು ಲೋಹ ಮತ್ತು ಮನಸ್ಸು. ಟೋಕಿಯೋದ ಬಳಿಕ ಆಟದ ಮೇಲಿನ ಆಸೆಯೇ ಆಕೆಗೆ ಬತ್ತಿಹೋಗಿದ್ದ ದಿನಗಳಿದ್ದವು. ದೂರ ಸರಿದಿದ್ದ ಹಳೆಯ ಗುರು ಜಸ್ಪಾಲ್ ರಾಣಾ ಅವರೊಡನೆ 2023ರಲ್ಲಿ ಮತ್ತೆ ಕೂಡಿಕೊಂಡು ಅಭ್ಯಾಸಕ್ಕೆ ನಿಂತಳು. 2024ರ ಜುಲೈ 28ರಂದು, ಪ್ಯಾರಿಸ್ ಒಲಿಂಪಿಕ್ಸಿನ ಸ್ಪರ್ಧೆಗಳಿಗಾಗಿ ಶಾತೋರು ಎಂಬ ಊರಿನಲ್ಲಿ ಅಣಿಗೊಳಿಸಿದ್ದ ರೇಂಜಿನಲ್ಲಿ, ಅದೇ ಹತ್ತು ಮೀಟರು, ಅದೇ ಹನ್ನೊಂದೂವರೆ ಮಿಲಿಮೀಟರಿನ ವೃತ್ತ. ಈ ಬಾರಿ ಅಂತಿಮ ಸುತ್ತಿನಲ್ಲಿ 221.7 ಅಂಕಗಳೊಡನೆ ಕಂಚಿನ ಪದಕ. ಬೆಳ್ಳಿಯ ಸ್ಪರ್ಧೆಯಲ್ಲಿ ಉಳಿಯಲು ಕಡಮೆಯಾದದ್ದು ಒಂದು ಅಂಕದ ಹತ್ತನೆಯ ಒಂದು ಪಾಲು. ಒಲಿಂಪಿಕ್ಸಿನಲ್ಲಿ ಗುರಿಹೊಡೆತದ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ. ಎರಡು ದಿನಗಳ ಬಳಿಕ ಸರಬ್ಜೋತ್ ಸಿಂಗನೊಡನೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ದೊರೆಯಿತು. ಇಪ್ಪತ್ತೈದು ಮೀಟರಿನ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ.

ಪದಕ ಗೆದ್ದ ಗಳಿಗೆಯಲ್ಲಿಯೂ ಕಟ್ಟುಪಾಡಿಗೆ ವಿನಾಯಿತಿಯಿಲ್ಲ. ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿರುವಾಗಲೇ ಸ್ಪರ್ಧಿ ಗುರಿಯತ್ತ ಮುಖಮಾಡಿಯೇ ಪಿಸ್ತೂಲನ್ನು ತೆರೆಯಬೇಕು, ಒಳಗೆ ಗುಂಡಿಲ್ಲವೆಂದು ನೋಡಬೇಕು, ಬಣ್ಣದ ದಾರವನ್ನು ನಳಿಗೆಗೆ ತೂರಿಸಿ ಮೇಜಿನ ಮೇಲಿಡಬೇಕು. ಅಧಿಕಾರಿ ಬಂದು ಬಗ್ಗಿ ನೋಡಿ ತಲೆಯಾಡಿಸಿದ ಮೇಲೆಯೇ ಆಯುಧವನ್ನು ಅಲ್ಲಿಂದ ಕದಲಿಸಬಹುದು.